ಕೊಯ್ಯದ ಡಾಕ್ಟರಮ್ಮ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕೊಳವೆ ಡಾಕ್ಟರಮ್ಮ ಎಂದೇ. ರೋಗಿಯ ಬಾಯಿಯಿಂದ, ತುದಿಯಲ್ಲಿ ಕ್ಯಾಮೆರಾ ಇರುವ ಎಂಡೋಸ್ಕೋಪಿನ ಕೊಳವೆ ಇಳಿಸುವಾಗ ಅವರಿಗೆ ಬರುವ ಹುರುಪು ಮದುವೆಮನೆಗೆ ಹೊರಟವರಿಗೂ ಬರಲಿಕ್ಕಿಲ್ಲ. ಮೇದೋಜೀರಕ ಗ್ರಂಥಿಯ ಒಂದು ಭಾಗ ಸತ್ತು ಕೊಳೆತು, ಜ್ವರದಲ್ಲಿ ಬೇಯುತ್ತಿರುವವರು ಬಂದರೆ ಸಾಕು, ಕೂತ ಕುರ್ಚಿ ಬಿಟ್ಟೇಳುತ್ತಾರೆ. ಜಠರದ ಗೋಡೆಯಲ್ಲಿ ಕಿಂಡಿ ಮಾಡಿ, ಅದರಾಚೆ ನುಗ್ಗಿ, ಸತ್ತ ಮಾಂಸವನ್ನು ಚೂರುಚೂರಾಗಿ ಎಳೆಯುವಾಗ ಅದರ ಜೊತೆ ಮಾತೂ ಆಡುತ್ತಾರೆ: “ಬಾರಪ್ಪ, ಕರೆಯದ ಮನೇಲಿ ಇನ್ನೂ ಎಷ್ಟು ಹೊತ್ತು ಕೂತಿರ್ತೀಯ?” ನರ್ಸ್ ನಗು ತಡೆಯಲಾರದೆ ಮುಖ ತಿರುಗಿಸುತ್ತಾಳೆ. ಇಂದು ಹಾಗೆ ಎಳೆದದ್ದು ಒಬ್ಬ ಬಸ್ ಡ್ರೈವರನ ಹೊಟ್ಟೆಯಿಂದ. ಮಧ್ಯೆ ರಕ್ತ ಚಿಮ್ಮಿ ಟಿವಿ ಪರದೆ ಕೆಂಪಾದಾಗ ಮಾತ್ರ ಮಾತು ಬಿಟ್ಟು, ಒಡೆದ ರಕ್ತನಾಳ ಹುಡುಕಿ ಕೊಳವೆಯಿಂದಲೇ ಅದಕ್ಕೆ ಕ್ಲಿಪ್ ಹಾಕಿದರು. ರಕ್ತ ನಿಂತದ್ದೇ ತಡ, ಉಳಿದದ್ದನ್ನೂ ಹೊರಗೆಳೆದು, ಗೌನ್ ಬಿಚ್ಚುವುದನ್ನೂ ಮರೆತು ಓಡಿ, ಹೊರಗೆ ಕಾಯುತ್ತಿದ್ದ ಅವನ ಹೆಂಡತಿಯ ಕೈ ಹಿಡಿದರು. “ಗಂಡಾಂತರ ಕಳೀತಮ್ಮ. ಹೊಟ್ಟೆ ಮೇಲೆ ಒಂದು ಗೀರೂ ಇಲ್ಲ.” ಆಮೇಲೆ, ಎಂದಿನಂತೆ, ಮನೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದರು. ಈ ಕೊಳವೆಗಳು ಬರುವ ಮೊದಲು ಇದೇ ರೋಗಕ್ಕೆ ಎದೆಯಿಂದ ಹೊಕ್ಕುಳದ ಕೆಳಗಿನವರೆಗೆ ಕೊಯ್ಸಿಕೊಂಡು ಬದುಕಿದವಳು ಆ ಅಕ್ಕ. ಹೊಟ್ಟೆಗೆ ಅಗಲವಾದ ಪಟ್ಟಿ ಬಿಗಿಯದೆ ಇಂದಿಗೂ ನೆಟ್ಟಗೆ ನಿಲ್ಲಲಾರಳು. ಪ್ರತಿ ಬೆಳಿಗ್ಗೆ ಅದನ್ನು ಸುತ್ತಿ ಬಿಗಿಯುವವರು ಈ ತಂಗಿಯೇ. “ಅಕ್ಕಾ, ಇವತ್ತೂ ಕೊಯ್ಯಲಿಲ್ಲ. ಹೊರಗೆ ಅವನ ಹೆಂಡತಿ ಅಳ್ತಾ ಅಳ್ತಾನೇ ನಗ್ತಿದ್ದಾಳೆ.” “ಪಾಪ, ಅವಳು ಏನಾದ್ರೂ ತಿಂದಳಾ, ಕೇಳಿದ್ಯಾ?” ಎಂದಳು ಅಕ್ಕ. ಡಾಕ್ಟರಮ್ಮ ಮತ್ತೆ ಓಡಿದರು.