ಯಂಕಂಚಿಯ ಅಮೆರಿಕಾ ಅಧ್ಯಕ್ಷರು

ಮೊನ್ನೆ ಮುದ್ದೇಬಿಹಾಳದ ಬಸ್‌ ಸ್ಟ್ಯಾಂಡಿನಲ್ಲಿ ವಕೀಲರೊಬ್ಬರು ಬಂದು ನನ್ನ ಮಗ್ಗುಲಿಗೆ ಕುಳಿತರು. ಅವರ ಕರಿ ಕೋಟಿನಿಂದ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ನಗು ತಡೆಯಲಾಗಲಿಲ್ಲ. ಈ ಮುದುಕನಿಗೆ ಏನಾಗಿದೆಯೋ ಎನ್ನುವಂತೆ ಅವರು ದುರುಗುಟ್ಟಿ ನೋಡಿದರು. ಪಾಪ, ಅವರಿಗೇನು ಗೊತ್ತು. ಇಂಥದೇ ಕೋಟು ತೊಟ್ಟ ಅಮೆರಿಕಾದ ಅಧ್ಯಕ್ಷರೊಬ್ಬರು ಯಂಕಂಚಿಯಲ್ಲಿ ನನ್ನ ಮಗ್ಗುಲ ಮನೆಯಲ್ಲೇ ಇದ್ದರು...

ಆಗ ನಾನು ಆ ಊರಿನಲ್ಲಿ ಇತಿಹಾಸ ಕಲಿಸುವ ಹೊಸ ಮಾಸ್ತರ. ಹುರುಪು ಜಾಸ್ತಿ, ತಾಳ್ಮೆ ಕಡಿಮೆ. ಊರವರು ನಾಟಕ ಬರೆದುಕೊಡಿ ಎಂದಾಗ, ಯುದ್ಧದ ನಡುವೆಯೇ ಗುಲಾಮಗಿರಿಯನ್ನು ಕಿತ್ತೊಗೆಯಲು ಹೊರಟ ಅಮೆರಿಕಾದ ಅಧ್ಯಕ್ಷರ ಕಥೆಯನ್ನೇ ಬರೆದೆ. ಮಜಾ ಶುರುವಾದದ್ದು ಪಾತ್ರ ಹಂಚುವಾಗ. ನಮ್ಮ ಕಡೆ ನಾಟಕವೆಂದರೆ ಹಾಡು. ನಾನೋ ಹಾಡುಗಳನ್ನೆಲ್ಲ ಗುಲಾಮನಿಗೆ ಕೊಟ್ಟು ಕೂತಿದ್ದೆ. ಊರ ಗೌಡರಿಗೆ ಹಾಡಿನ ಹುಚ್ಚು.

"ಗುಲಾಮನ ಪಾರ್ಟ್ ನಂದ. ಮತ್ತ್ಯಾರೂ ಕೇಳಬ್ಯಾಡ್ರಿ," ಎಂದುಬಿಟ್ಟರು.

ಒಂದು ಹಾಡೂ ಇಲ್ಲದ ಅಧ್ಯಕ್ಷರ ಪಾತ್ರವನ್ನು ಎಲ್ಲರೂ ಒಲ್ಲೆಂದರು. ಆ ಅಧ್ಯಕ್ಷರ ಹಾಗೆ ಉದ್ದಕ್ಕೆ, ಸಣ್ಣಗೆ, ಗಲ್ಲ ಒಳಗೆ ಹೋದವರು ಊರಲ್ಲಿ ಒಬ್ಬರೇ ಇದ್ದರು, ನನ್ನ ಮಗ್ಗುಲ ಮನೆಯ ಕಾಕಾ. ಮನೆ ಕಟ್ಟುವ ಗೌಂಡಿ. ಹುಡುಗರಾಗಿದ್ದಾಗ ಇದೇ ಗೌಡರ ಮನೆಯಲ್ಲಿ ಜೀತಕ್ಕಿದ್ದವರು. ಜೀತ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಗೌಡರು ಎದುರು ಬಂದರೆ ಕುಳಿತಲ್ಲಿಂದ ಎದ್ದು ನಿಲ್ಲುವ ರೂಢಿ ಮೈಬಿಟ್ಟು ಹೋಗಿರಲಿಲ್ಲ.

ಒಪ್ಪಿಕೊಳ್ಳುವ ಮೊದಲು ಕಾಕಾ ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡರು. "ಯುದ್ಧ ಸುರು ಆದ ದಿನಾನ ಗುಲಾಮರನ್ನ ಯಾಕ ಬಿಡಿಸಲಿಲ್ರಿ ಮಾಸ್ತರ?" ಅಧ್ಯಕ್ಷರು ಮೊದಲು ದೇಶ ಒಡೆಯದಂತೆ ನೋಡಿಕೊಳ್ಳಲು ಹೆಣಗಿದರು, ಗುಲಾಮಗಿರಿ ಇಟ್ಟುಕೊಂಡು ದೇಶ ಉಳಿಯದೆಂದು ಆಮೇಲೆ ಮನಗಂಡರು, ಸೋಲುತ್ತಿರುವಾಗ ಬಿಡುಗಡೆ ಸಾರಿದರೆ ಬೆಲೆ ಬಾರದೆಂದು ಒಂದು ಗೆಲುವಿಗಾಗಿ ಕಾದರು ಎಂದೆಲ್ಲ ಹೇಳಿದೆ.

"ಅಂದ್ರ ಅವ್ರಿಗೂ ಅಂಜಿಕಿ ಇತ್ತು," ಎಂದರು ಕಾಕಾ.

"ಇತ್ತು ಕಾಕಾ."

"ಹಂಗಾರ ಮಾಡ್ತೇನಿ. ಗೌಡ್ರ ಮುಂದ ಅಪ್ಪ ಒಮ್ಮಿಯಾದ್ರೂ ಕುಂತದ್ದನ್ನ ನನ್ನ ಮಗಳು ನೋಡಬೇಕ್ರಿ."

ಕೊನೆಯ ದೃಶ್ಯದಲ್ಲಿ ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತು ಬಿಡುಗಡೆಯ ಘೋಷಣೆ ಓದಬೇಕು, ಗುಲಾಮ ಎದುರು ನಿಂತು ಕೇಳಬೇಕು. ತಾಲೀಮಿನಲ್ಲಿ ಗೌಡರು ಬಂದರೋ ಇಲ್ಲವೋ, ಕಾಕಾ ಎದ್ದೇಬಿಡುತ್ತಿದ್ದರು. ದಿನಾ ಇದೇ ಹಾಡು. ನನಗೆ ಸಿಟ್ಟು ನೆತ್ತಿಗೇರಿತು. "ಕಾಕಾ, ಇಡೀ ಅಮೆರಿಕಾ ನಿಮ್ಮ ಕೈಯಾಗ ಐತಿ. ಕುಂಡ್ರಾಕ ಏನ್ ಧಾಡಿ ಆಗೈತ್ರಿ ನಿಮಗ?"

"ತಲಿಗಿ ತಿಳೀತೈತ್ರಿ ಮಾಸ್ತರ, ಮೊಣಕಾಲಿಗೆ ತಿಳಿವಲ್ದು," ಎಂದರು.

ನಾಟಕದ ಸಂಜೆ ಕಾಕಾನ ಮಗಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಸಿಂದಗಿಯ ವಕೀಲರಿಂದ ತಂದ ಕೋಟಿನ ವಾಸನೆಗೆ ಅಧ್ಯಕ್ಷರು ಯುದ್ಧದ ಮಧ್ಯೆ ಸೀನಿದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಕೊನೆಯ ದೃಶ್ಯಕ್ಕೆ ಗೌಡರು ಹಾಡುತ್ತ ಬಂದರು, ಕಾಕಾ ಎದ್ದರು. ಎದ್ದದ್ದಲ್ಲದೆ, "ಬರ್ರಿ ಗೌಡ್ರ," ಎಂದೂ ಅಂದುಬಿಟ್ಟರು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ತಲೆ ತಗ್ಗಿಸಿದಳು. ನಾನು ಪರದೆಯ ಹಿಂದೆ ಹಣೆ ಬಡಿದುಕೊಂಡೆ.

ಗೌಡರು ಹಾಡು ನಿಲ್ಲಿಸಿದರು. ನಾನು ಬರೆಯದ ಮಾತೊಂದನ್ನು ಆಡಿದರು. "ಇಲ್ಲಿ ಗೌಡ ಯಾರೂ ಇಲ್ರಿ, ಅಧ್ಯಕ್ಷರ. ನೀವು ಕುಂಡರ್ರಿ. ನೀವು ಕುಂತ್ರನ ನನ್ನ ಬಿಡುಗಡಿ."

ಅಷ್ಟು ವರ್ಷ ಕಾಕಾನನ್ನು 'ಲೇ' ಎಂದೇ ಕರೆದ ಬಾಯಿ ಅದು. ನಗು ನಿಂತುಹೋಯಿತು. ಕಾಕಾ ಗೌಡರನ್ನು ನೋಡಿದರು, ಮಗಳನ್ನು ನೋಡಿದರು, ಕೋಟು ಸರಿಮಾಡಿಕೊಂಡು ಕುಳಿತರು. ಘೋಷಣೆಯನ್ನು ಗಟ್ಟಿಯಾಗಿ, ಕೊನೆಯವರೆಗೂ ಕುಳಿತೇ ಓದಿದರು. ಆ ಹುಡುಗಿ ಚಪ್ಪಾಳೆ ಹೊಡೆದದ್ದು ಈಗಲೂ ಕೇಳಿಸುತ್ತದೆ...

ಅಂದಿನಿಂದ ಕಾಕಾ ಊರಿಗೆಲ್ಲ ಅಧ್ಯಕ್ಷರಾದರು. ಗೌಡರೂ, "ಅಧ್ಯಕ್ಷರ, ಗ್ವಾಡಿ ಬಿರುಕು ಬಿಟ್ಟೈತಿ, ಬಂದ್ ನೋಡ್ರಿ," ಎನ್ನತೊಡಗಿದರು. ಕಾಕಾ ಮಾತ್ರ ಮರುದಿನವೇ ಗೌಡರನ್ನು ಕಂಡು ಎದ್ದು ನಿಂತರು. ನಾನು ಬೈದರೆ, "ನಾಟಕ ಮುಗೀತಲ್ರಿ," ಎಂದು ನಕ್ಕರು. ಅಮೆರಿಕಾದಲ್ಲೂ ಘೋಷಣೆಯಿಂದಲೇ ಎಲ್ಲ ಮುಗಿಯಲಿಲ್ಲ, ಆಮೇಲೆ ಸಂವಿಧಾನವನ್ನೇ ತಿದ್ದಬೇಕಾಯಿತು ಎಂದೆ. "ಅಲ್ಲೀ ಮಂದಿಗೂ ಮೊಣಕಾಲ ಇರ್ತಾವಲ್ರಿ," ಎಂದರು. ಕಾಕಾ, ಗೌಡರು ಇಬ್ಬರೂ ಮುದುಕರಾದ ಮೇಲೂ ಅದೇ ನಡೆದಿತ್ತು. ಇವರು ಏಳುವುದು, ಅವರು "ಕುಂಡರ್ರಿ ಅಧ್ಯಕ್ಷರ" ಎನ್ನುವುದು, ಇಬ್ಬರೂ ನಗುವುದು...

ಈಗ ಕಾಕಾ ಇಲ್ಲ. ಅವರಿಲ್ಲದ ಯಂಕಂಚಿಗೆ ಹೋಗಲು ನನಗೆ ಮನಸ್ಸೇ ಬರುವುದಿಲ್ಲ. ಕಳೆದ ತಿಂಗಳು ಸುದ್ದಿ ಬಂದಾಗ ಹೋಗಿದ್ದೇ ಕೊನೆ. ನಮ್ಮ ಕಡೆ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿ ಕಾಕಾನನ್ನೂ ಪಡಸಾಲೆಯಲ್ಲಿ ಹಾಗೆಯೇ ಕೂರಿಸಿದ್ದರು. ಮಗಳು ಪಕ್ಕದಲ್ಲಿದ್ದಳು. ಗೌಡರು ಕೋಲೂರಿಕೊಂಡು ಒಳಗೆ ಬಂದರು. ರೂಢಿಯಂತೆ "ಕುಂಡರ್ರಿ..." ಎನ್ನಲು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು.

ಕಾಕಾ ಎದ್ದಿರಲಿಲ್ಲ. ಯಾರೋ ಕುರ್ಚಿ ತಂದಿಟ್ಟರು. ಗೌಡರು ಕೂರಲಿಲ್ಲ, ಕಾಕಾನ ಮುಂದೆ ನಿಂತೇ ಅತ್ತರು.