ವೆಂಡೆಲ್ ಜೊತೆ ಮಣ್ಣಿಗೆ ಹೋದ ಗುರುತಿನ ಚೀಟಿ

ನಮ್ಮ ಪ್ರಾವಿಡೆನ್ಸಿಯ ದ್ವೀಪದಿಂದ ಪಕ್ಕದ ದೊಡ್ಡ ದ್ವೀಪ ಸಾನ್ ಆಂಡ್ರೆಸ್‌ಗೆ ಹೋಗುವ ಪುಟ್ಟ ವಿಮಾನ, ಬೆಲ್ಟು ಕಟ್ಟಿಕೊಂಡು ದೇವರನ್ನು ನೆನೆಯುವಷ್ಟರಲ್ಲಿ ಇಳಿಸಿಬಿಡುತ್ತದೆ. ಪಾಸ್‌ಪೋರ್ಟ್ ಬೇಡ. ಫೋಟೊ ಇರುವ ಗುರುತಿನ ಚೀಟಿ ಒಂದಿದ್ದರೆ ಸಾಕು. ಆ ಒಂದು ಚೀಟಿಯನ್ನು ಅವೆಲಿನ ಹಾಕಿನ್ಸ್ ತನ್ನ ಗಂಡ ವೆಂಡೆಲ್‌ನ ಶವಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದಳು.

ಅವಳಿಗೆ ತಲೆ ಕೆಟ್ಟಿರಲಿಲ್ಲ. ನಮ್ಮ ಕೇರಿಯಲ್ಲಿ ಸತ್ತವರ ಎದೆಯ ಮೇಲೆ ಅವರಿಗೆ ತೀರಾ ಬೇಕಾದವರ ಫೋಟೊ ಇಟ್ಟು ಮುಚ್ಚಳ ಮುಚ್ಚುತ್ತೇವೆ. ತನ್ನವರು ಜೊತೆಗೇ ಇದ್ದಾರೆ ಅಂದುಕೊಂಡು ಜೀವ ಸುಮ್ಮನಾಗುತ್ತದೆ. ಇಡದಿದ್ದರೆ ಅವರನ್ನು ಕರೆದೊಯ್ಯಲು ಬಾಗಿಲಿಗೆ ಬಂದು ನಿಲ್ಲುತ್ತದೆ. ಅವೆಲಿನಳ ಮನೆಯ ಫೋಟೊಗಳನ್ನೆಲ್ಲ ಚಂಡಮಾರುತ ತಗಡಿನ ಚಾವಣಿಯ ಜೊತೆಗೇ ಹೊತ್ತುಕೊಂಡು ಹೋಗಿತ್ತು. ಅವಳ ಮುಖ ಉಳಿದಿದ್ದದ್ದು ಆ ಚೀಟಿಯಲ್ಲಿ ಮಾತ್ರ.

"ಹೊಸದು ಮಾಡಿಸ್ಕೊಳ್ಳೇ" ಅಂತ ಪಕ್ಕದ ಮನೆಯವಳಾದ ನಾನು ಅಂದು ಅಂದು ಸೋತಿದ್ದೆ.

"ನಾನೆಲ್ಲಿಗೆ ಹೋಗ್ಬೇಕು ಓರ್ಲಿಂಡ? ಬಂದರಿಗೆ ಹೋಗಿ ಮೀನು ಮಾರಕ್ಕೆ ಚೀಟಿ ಬೇಕಾ?" ಅನ್ನುತ್ತಿದ್ದಳು.

ವೆಂಡೆಲ್ ಹಿಡಿದು ತಂದ ಮೀನನ್ನು ಹುರಿದು, ದೀವಿಹಲಸಿನ ಜೊತೆ ಬಂದರಿನಲ್ಲಿ ಮಾರಿ ಬದುಕಿದವಳು ಅವಳು. ಬಾಯಿ ಬಲು ಜೋರು. ಚೌಕಾಸಿಗೆ ಬಂದವರನ್ನು "ಸಮುದ್ರ ಅಲ್ಲೇ ಇದೆ, ಹೋಗಿ ಹಿಡ್ಕೊಳ್ಳಿ" ಅಂತ ಅಟ್ಟುತ್ತಿದ್ದಳು. ಹೆತ್ತ ಮಕ್ಕಳಲ್ಲಿ ಉಳಿದದ್ದು ಡೆಲ್ಸಿತಾ ಒಬ್ಬಳೇ. ಅವಳು ಸಾನ್ ಆಂಡ್ರೆಸ್‌ನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಳು.

ಗಂಡನನ್ನು ಹೂತು ಕೆಲವೇ ತಿಂಗಳಾಗಿತ್ತು. ಒಂದು ಶನಿವಾರ ಅಲ್ಲಿನ ಆಸ್ಪತ್ರೆಯ ನರ್ಸು ಫೋನ್ ಮಾಡಿದಳು. ಡೆಲ್ಸಿತಾಗೆ ಡೆಂಗಿ, ರಕ್ತಸ್ರಾವ ನಿಲ್ಲುತ್ತಿಲ್ಲ, ತಾಯಿಯನ್ನು ಕೇಳುತ್ತಿದ್ದಾಳೆ, ತಡ ಮಾಡಬೇಡಿ. ಆ ವಾರ ಸಮುದ್ರ ಎದ್ದುಬಿಟ್ಟಿತ್ತು, ದೋಣಿಗಳನ್ನೆಲ್ಲ ನಿಲ್ಲಿಸಿದ್ದರು. ನನ್ನ ಪಿಕಪ್‌ನಲ್ಲಿ ಅವಳನ್ನು ಕೂರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಓಡಿಸಿದೆ.

ಕೌಂಟರಿನಲ್ಲಿದ್ದವಳು ಯಾದಿರ. ಅವೆಲಿನಳ ಕೈತುತ್ತು ತಿಂದು ಬೆಳೆದ ಹುಡುಗಿ.

"ಮಿಸ್ ಅವೆ, ಚೀಟಿ ಕೊಡಿ."

"ಇಲ್ಲ ಮಗಾ. ಅದು ವೆಂಡೆಲ್ ಹತ್ರ ಇದೆ."

"ಡ್ರೈವಿಂಗ್ ಲೈಸೆನ್ಸು? ಬೇರೆ ಏನಾದ್ರೂ ಫೋಟೊ ಇರೋದು?"

"ಮುಖಾನೇ ತಂದಿದೀನಲ್ಲೇ. ನೋಡು."

ಯಾದಿರ ಕಣ್ಣೀರು ಹಾಕಿದಳು. "ನೀವ್ಯಾರು ಅಂತ ನಂಗೊತ್ತು ಮಿಸ್ ಅವೆ. ನಾನು ಬಿಟ್ರೂ ಅಲ್ಲಿ ಪೊಲೀಸಿನವರು ವಾಪಸ್ ಕಳಿಸ್ತಾರೆ. ಚೀಟಿ ಕೊಡೋ ಆಫೀಸು ಸೋಮವಾರ ತೆಗೀತಾರೆ. ಫೋಟೊ ಹಚ್ಚಿದ ತಾತ್ಕಾಲಿಕ ಚೀಟಿ ಕೊಡ್ತಾರೆ, ಅದಾದ್ರೂ ನಡಿಯತ್ತೆ."

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಯಾರನ್ನು ಬೈಯುತ್ತಿದ್ದೇನೆ ಅಂತ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಈ ಸಲ ಡೆಲ್ಸಿತಾ.

"ಅಮ್ಮ, ಹೊರಟ್ಯಾ?"

"ಹೊರಟೆ ಮಗಾ. ಏರ್‌ಪೋರ್ಟಲ್ಲೇ ಇದೀನಿ."

"ಬಾ ಮತ್ತೆ. ನಿದ್ದೆ ಬರ್ತಿದೆ. ಆದ್ರೂ ಎದ್ದಿರ್ತೀನಿ."

ವಿಮಾನ ನಮ್ಮ ಕಣ್ಣೆದುರೇ ಹಾರಿತು. ಒಂದು ಸೀಟು ಖಾಲಿ ಇತ್ತಂತೆ.

ಹಿಂದಿರುಗುವ ದಾರಿಯಲ್ಲಿ ಸ್ಮಶಾನದ ತಿರುವು ಬಂದಾಗ, "ನಿಲ್ಸು. ಅಗೆಸ್ಬೇಕು" ಅಂದಳು ಅವೆಲಿನ.

"ಅವನು ಬಾಗಿಲಿಗೆ ಬರ್ತಾನೆ ಅಂತ ನೀನೇ ಹೇಳ್ತಿದ್ದೆ."

"ಬರ್ಲಿ. ಬಂದ್ರೆ, ಮಗಳನ್ನ ನೋಡ್ಕೊಂಡು ಬರ್ತೀನಿ ಇರು, ಅಂತೀನಿ. ಅವನೇನು ಬೇರೆಯವನಾ?"

ಪಾಸ್ಟರ್ ಹತ್ತಿರ, ಇನ್ಸ್‌ಪೆಕ್ಟರ್ ಹತ್ತಿರ ಬೇಡಿ ಒಪ್ಪಿಸುವಷ್ಟರಲ್ಲಿ ಭಾನುವಾರ ಬೆಳಗಾಯಿತು. ಸಮಾಧಿಯ ಮೇಲೆ ಸಿಮೆಂಟು ಬಳಿದಿದ್ದರು. ನನ್ನ ಅಣ್ಣಂದಿರು ಹಾರೆ ಹಾಕಿದರು. ಅವೆಲಿನ ಊರಿಗೆ ಹೊರಟ ಬಟ್ಟೆಯಲ್ಲೇ, ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಚೀಲದಲ್ಲಿ ಮಗಳಿಗೆಂದು ಕಟ್ಟಿದ ತೆಂಗಿನಕಾಯಿ ರೊಟ್ಟಿ ಇತ್ತು. ಸಿಮೆಂಟು ಬಿರುಕುಬಿಟ್ಟಿತ್ತಷ್ಟೆ, ಫೋನ್ ಬಂತು. ನಾನೇ ತೆಗೆದೆ. ನನ್ನ ಮುಖ ನೋಡಿದವಳು ಚೀಲ ಹಿಡಿದು ಎದ್ದಳು.

"ಮುಚ್ಬಿಡಿ" ಅಂದಳು. "ಅವನಾದ್ರೂ ಮಲಗ್ಲಿ."

ಸೋಮವಾರ ಮಗಳ ಅಂತ್ಯಕ್ರಿಯೆಯ ಕಾಗದಕ್ಕೆ ಸಹಿ ಹಾಕಲು ಹೋದಾಗ ಅಲ್ಲೂ ಚೀಟಿ ಕೇಳಿದರು. ಚೀಟಿ ಕೊಡುವ ಆಫೀಸಿನಲ್ಲಿ ಫೋಟೊ ತೆಗೆದರು, ಬೆರಳಚ್ಚು ಒತ್ತಿಸಿಕೊಂಡರು, ತಾತ್ಕಾಲಿಕ ಚೀಟಿ ಕೈಗೆ ಕೊಟ್ಟರು. ಅಷ್ಟು ಸಲೀಸು. ಆ ಫೋಟೊದಲ್ಲಿದ್ದ ಮುಖ ನನಗೇ ಗುರುತು ಸಿಗಲಿಲ್ಲ. ಅದೇ ಸಂಜೆಯ ವಿಮಾನದಲ್ಲಿ ಡೆಲ್ಸಿತಾ ಪೆಟ್ಟಿಗೆಯಲ್ಲಿ ಬಂದಳು.

ಮಣ್ಣು ಮಾಡುವ ದಿನ ಕೇರಿಯ ಹಿರಿಯಳು, ವೆಂಡೆಲ್‌ನ ಸೋದರತ್ತೆ, ಕೈ ಚಾಚಿದಳು. "ಫೋಟೊ ಇಡು ಅವೆಲಿನ. ತಾಯಿ ಅಂದ್ರೆ ಪ್ರಾಣ ಬಿಡ್ತಿದ್ಲು. ಇಡದಿದ್ರೆ ಬಂದು ನಿನ್ನ ಕರ್ಕೊಂಡು ಹೋಗ್ತಾಳೆ."

ಅವೆಲಿನ ಚೀಟಿಯನ್ನು ತೆಗೆದಳು. ನೋಡಿದಳು. ಮಡಚಿ ಮತ್ತೆ ರವಿಕೆಯೊಳಗೆ ಸಿಕ್ಕಿಸಿಕೊಂಡಳು.

"ನನ್ ಕೈಲಿ ಹೋಗಕ್ಕಾಗ್ಲಿಲ್ಲ ಅತ್ತೆ" ಅಂದಳು. "ಅವಳಾದ್ರೂ ಬರ್ಲಿ."

ಅಣ್ಣಂದಿರು ಮುಚ್ಚಳಕ್ಕೆ ಮೊಳೆ ಹೊಡೆದರು. ಅಂದಿನಿಂದ ಅವಳ ಮನೆಯ ಬಾಗಿಲು ತೆರೆದೇ ಇರುತ್ತದೆ.