ಪಾಯಸಕ್ಕೆ ಇಳಿದ ತೋರುಬೆರಳು

2023ರಲ್ಲಿ ನಾನು ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದ ಖಾಸಗಿ ಪ್ರಯೋಗಾಲಯವೊಂದರಲ್ಲಿ ಹಿರಿಯ ಫುಡ್ ಸೇಫ್ಟಿ ಆಡಿಟರ್ ಆಗಿದ್ದೆ. ಅಂದರೆ, ಊರವರ ಅಡುಗೆಮನೆಗಳಲ್ಲಿ ಮೂಗು ತೂರಿಸುವುದಕ್ಕೇ ನನಗೆ ಸಂಬಳ. ಇಪ್ಪತ್ತೆರಡು ವರ್ಷಗಳಲ್ಲಿ ಜಿರಲೆ, ಇಲಿಹಿಕ್ಕೆ, ಹುಳು ಹರಿದಾಡುವ ಹಿಟ್ಟು ಎಲ್ಲವನ್ನೂ ನೋಡಿದ್ದೇನೆ. ಆದರೆ ಇವತ್ತಿಗೂ ಮರೆಯಲಾಗದ್ದು ಒಂದು ಬೆರಳು.

ಆ ವರ್ಷ ಯುಗಾದಿ ಕಳೆದ ಶನಿವಾರ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಕನ್ನಡದವರ ಹಬ್ಬದೂಟವಿತ್ತು. ಅಡುಗೆ ಗ್ಲೆಂಡೇಲ್‌ನ ಒಬ್ಬ ಕೇಟರರ್‌ನದು. ಅವನನ್ನು ಸುರೇಶ ಎನ್ನೋಣ, ಬೆಂಗಳೂರಿನವನು. ಊಟವಾದ ಮೂರು ಗಂಟೆಯೊಳಗೆ ಹದಿನೆಂಟು ಜನ ವಾಂತಿ ಮಾಡಿಕೊಂಡರು. ಎಲ್ಲರೂ ಶಾವಿಗೆ ಪಾಯಸ ತಿಂದವರು. ಸಂಘಟಕರು ಉಳಿದ ಪಾಯಸವನ್ನು ನಮ್ಮ ಲ್ಯಾಬಿಗೆ ಕಳಿಸಿ ತನಿಖೆ ಮಾಡಿಕೊಡಿ ಎಂದರು.

ಅಷ್ಟರಲ್ಲಿ ಸುರೇಶ ತಪ್ಪನ್ನೆಲ್ಲ ಅಡುಗೆಯ ಶಕೀಲಾಳ ತಲೆಗೆ ಕಟ್ಟಿ ಅವಳನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದ. ನನ್ನ ವರದಿಯಲ್ಲೂ ‘ಅಡುಗೆಯವರ ತಪ್ಪು’ ಎಂದು ಬಂದರೆ ಆ ಮೈಸೂರಿನ ಹೆಂಗಸನ್ನು ಇನ್ನು ಯಾವ ಅಡುಗೆಮನೆಯೂ ಒಳಗೆ ಬಿಡುತ್ತಿರಲಿಲ್ಲ. ಅವಳಿಗೆ ಫೋನ್ ಮಾಡಿದೆ.

“ರಂಜಾನ್ ಉಪವಾಸ ಮೇಡಂ. ಹಗಲಲ್ಲಿ ನಾಲಿಗೆಗೆ ಏನೂ ತಾಗಿಸಲ್ಲ ನಾನು. ಅದಕ್ಕೇ ರುಚಿ ನೋಡೋದು ಸುರೇಶ್ ಸರ್ ಕೆಲಸ ಆಗಿತ್ತು. ಚಮಚ ಕೊಟ್ರೆ ತಗೊಳ್ತಾನೇ ಇರ್ಲಿಲ್ಲ” ಎಂದಳು.

ಮಂಗಳವಾರ ಗ್ಲೆಂಡೇಲ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ಬೇರೆ ಆರ್ಡರಿನ ಪಾಯಸ ಒಲೆಯಿಂದ ಇಳಿದು ಆರುತ್ತಿತ್ತು. ತುಪ್ಪದಲ್ಲಿ ಹುರಿದ ಗೋಡಂಬಿಯ ಘಮ. ನನಗೆ ಮಧ್ಯಾಹ್ನದ ಊಟ ಆಗಿರಲಿಲ್ಲ.

“ನಮ್ಮೂರೋರು ಬಂದು ಬರೀ ಬಾಯಲ್ಲಿ ಹೋಗೋದಾ ಮೇಡಂ?” ಎಂದು ಸುರೇಶ ಚಮಚ ಮುಂದೆ ಹಿಡಿದ. ತನಿಖೆಗೆ ಹೋದ ಕಡೆ ಏನನ್ನೂ ತಿನ್ನಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೇ ನಾನು. ತಿಂದೆ. ಚೆನ್ನಾಗಿತ್ತು.

ಆಮೇಲೆ ಅವನು ತೋರುಬೆರಳನ್ನು ನೇರವಾಗಿ ಪಾತ್ರೆಗೆ ಇಳಿಸಿದ, ಚೀಪಿದ, ಆ ಎಂಜಲು ಬೆರಳನ್ನೇ ಮತ್ತೆ ಇಳಿಸಿದ. ಬೆರಳಿಗೆ ಒದ್ದೆಯಾಗಿ ಕಪ್ಪಿಟ್ಟ ಪ್ಲಾಸ್ಟರ್. ಅದರ ಅಂಚಿನಲ್ಲಿ, ಉಗುರಿನ ಪಕ್ಕ, ಹಳದಿ ಕೀವು.

“ಏನ್ರೀ ಅದು?”

“ಉಗುರುಸುತ್ತು ಮೇಡಂ, ಹತ್ತು ದಿನ ಆಯ್ತು. ಬಿಸಿಗೆ ಎಲ್ಲಾ ಸತ್ತೋಗುತ್ತೆ ಬಿಡಿ.”

ಸಿಂಕಿಗೆ ಓಡಿದೆ. ತಿಂದದ್ದೆಲ್ಲ ಹೊರಗೆ ಬಂತು. ಬಾಯಿ ತೊಳೆದುಕೊಂಡು ಬಂದು, ಪರೀಕ್ಷೆಗೆಂದು ಆ ಬೆರಳಿನ ಕೀವಿನ ಸ್ವಾಬ್ ಕೇಳಿದೆ. ಏನೂ ಆಗುವುದಿಲ್ಲವೆಂಬ ಧೈರ್ಯದಲ್ಲಿ ಬೆರಳು ಚಾಚಿದ.

ನಮ್ಮ ಲ್ಯಾಬಿನ ಮೈಕ್ರೋಬಯಾಲಜಿಸ್ಟ್ ಲಿನ್ ಚೀನಾ ಮೂಲದವಳು. ಅವಳ ಪರೀಕ್ಷೆಯಲ್ಲಿ ಬೆರಳಿನಲ್ಲೂ ಹಬ್ಬದ ಪಾಯಸದಲ್ಲೂ ಸಿಕ್ಕಿದ್ದು ಒಂದೇ ಸ್ಟ್ಯಾಫಿಲೊಕಾಕಸ್. ಗಾಯದ ಕೀವಿನಲ್ಲಿರುವ ಈ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ಹಾಲಿನಲ್ಲಿ ಹೆಚ್ಚಿ ವಿಷ ಬಿಡುತ್ತದೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹೋಗುವುದಿಲ್ಲ. ಆ ಪಾಯಸ ಗ್ಲೆಂಡೇಲ್‌ನಿಂದ ಎಲೆಗೆ ಬರುವ ಹೊತ್ತಿಗೆ ಐದು ಗಂಟೆ ಕಾಲ ಫ್ರಿಜ್ ಕಾಣದೆ ಹಾಗೇ ಇತ್ತು.

ತೋರುಬೆರಳು ಎಂದೊಡನೆ ಲಿನ್ ನಕ್ಕಳು. “ಒಳ್ಳೆ ಊಟ ಕಂಡು ಬಾಯಲ್ಲಿ ನೀರೂರಿದರೆ ನಾವು ‘ತೋರುಬೆರಳು ಕುಣಿಯಿತು’ ಅನ್ನುತ್ತೇವೆ” ಎಂದು ಅದರ ಕಥೆ ಹೇಳಿದಳು. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ, ಝೆಂಗ್ ಎಂಬ ರಾಜ್ಯದಲ್ಲಿ ಒಬ್ಬ ಸರದಾರ. ರುಚಿಯಾದದ್ದು ಸಿಗುವುದಿದ್ದರೆ ಅವನ ತೋರುಬೆರಳು ತಾನಾಗಿ ಅದುರುತ್ತಿತ್ತಂತೆ. ಒಂದು ದಿನ ಅರಮನೆಯಲ್ಲಿ ಆಮೆಯ ಸಾರು. ಬೆರಳಿನ ಸುದ್ದಿ ಕೇಳಿದ ದೊರೆ ಬೇಕೆಂದೇ ಎಲ್ಲರಿಗೂ ಬಡಿಸಿ ಅವನಿಗೆ ಮಾತ್ರ ಬಡಿಸಲಿಲ್ಲ. ಸಿಟ್ಟಿಗೆದ್ದ ಸರದಾರ ಕೊಪ್ಪರಿಗೆಗೇ ಬೆರಳದ್ದಿ, ನೆಕ್ಕಿ, ಹೊರನಡೆದ. ದೊರೆ ಅವನನ್ನು ಕೊಲ್ಲಲು ಹೊರಟ. ಸರದಾರ ಮೊದಲೇ ಸಂಚು ಹೂಡಿದ, ಕೊನೆಗೆ ಕೊಲೆಯಾದದ್ದು ದೊರೆಯೇ.

“ಪಾಯಸಕ್ಕೆ ಯಾರೂ ಸಾಯಲಿಲ್ಲ, ಅಷ್ಟೇ ಪುಣ್ಯ” ಎಂದೆ.

ವರದಿ ಕಳಿಸುವ ಬೆಳಿಗ್ಗೆ ಸುರೇಶನ ಫೋನ್. “ನೀವೂ ತಿಂದ್ರಲ್ಲ ಮೇಡಂ. ನನ್ ಬೆರಳಿನ ವಿಷ್ಯ ಬರೆದ್ರೆ ಅದನ್ನೂ ನಿಮ್ ಬಾಸ್‌ಗೆ ಹೇಳ್ಬೇಕಾಗುತ್ತೆ. ಶಕೀಲಾ ಅಂತ ಬರೆದ್ಬಿಡಿ, ಇಬ್ರಿಗೂ ಒಳ್ಳೇದು.”

ಅವನ ಮೇಲೆ ಹೇಸಿಗೆಯಾಯಿತು. ಒಂದು ಕ್ಷಣ ಲೆಕ್ಕ ಹಾಕಿದ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಬೆರಳಿನ ವಿಷಯ ಪೂರ್ತಿ ಬರೆದು, ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ‘ತನಿಖೆಯ ಸಮಯದಲ್ಲಿ ಆಡಿಟರ್ ಒಂದು ಚಮಚ ಪಾಯಸ ತಿಂದಿದ್ದಾರೆ.’ ಅದಕ್ಕೆ ಆಫೀಸಿನಿಂದ ಎಚ್ಚರಿಕೆ ಪತ್ರ ಬಂತು. ಮರುವರ್ಷ ನಿವೃತ್ತಳಾದಾಗಲೂ ಅದು ನನ್ನ ಫೈಲಿನಲ್ಲೇ ಇತ್ತು. ಶಕೀಲಾಗೆ ಈದ್ ಮುಗಿದ ವಾರವೇ ಬೇರೆ ಕಡೆ ಕೆಲಸ ಸಿಕ್ಕಿತು.

ಹಸಿವಿಗೂ ಹಪಹಪಿಗೂ ಇರುವ ವ್ಯತ್ಯಾಸವನ್ನು ಈ ಕೆಲಸ ನನಗೆ ಕಲಿಸಿದ್ದು ಹೀಗೆ. ಆ ಅಡುಗೆಮನೆಯಲ್ಲಿ ನಸುಕಿನಿಂದ ತೊಟ್ಟು ನೀರೂ ಕುಡಿಯದೆ ಒಲೆಯ ಮುಂದೆ ನಿಂತು ಬೇಯಿಸಿದವಳು ಶಕೀಲಾ ಒಬ್ಬಳೇ. ಪಾತ್ರೆಗೆ ಕೈ ಹಾಕದವಳೂ ಅವಳೊಬ್ಬಳೇ.